ಅಮ್ಮನ ಕೆಮ್ಮು ಮತ್ತು ಒಂದು ಬಿಪಿ ಮಾತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಫಾರ್ಮಸಿ ಓದಿದ್ದೇನೆ, ದಿನಾ ರಾಶಿ ಚೀಟಿ ನೋಡುತ್ತೇನೆ. ಆದರೂ ನಮ್ಮಮ್ಮನ ಕೆಮ್ಮು ಎಲ್ಲಿಂದ ಬಂತು ಅಂತ ಹೊಳೆಯುವುದಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು.

ಅದು ಒಣಕೆಮ್ಮು. ಕಫ ಇಲ್ಲ, ಜ್ವರ ಇಲ್ಲ. ಗಂಟಲೊಳಗೆ ಯಾರೋ ಪುಕ್ಕ ಆಡಿಸಿದ ಹಾಗೆ ಆಗುತ್ತೆ ಅನ್ನುತ್ತಿದ್ದರು. ಮಲಗಿದರೆ ಇನ್ನೂ ಜಾಸ್ತಿ. ಧೂಳಿರಬೇಕು ಅಂದುಕೊಂಡೆವು. ಶುಂಠಿ ಕಷಾಯ ಆಯಿತು, ಮೆಣಸಿನ ಸಾರು ಆಯಿತು. ಕೆಮ್ಮಿನ ಸಿರಪ್ ಆಯಿತು, ಎರಡು ಸಲ ಆಂಟಿಬಯೋಟಿಕ್ ಕೂಡ ಆಯಿತು. ಎದೆಯ ಎಕ್ಸ್‌ರೇ ತೆಗೆಸಿದರೆ ಅದರಲ್ಲಿ ಏನೂ ಇರಲಿಲ್ಲ.

ಒಂದು ಭಾನುವಾರ ಅಮ್ಮನ ಮಾತ್ರೆ ಡಬ್ಬಿ ತುಂಬಿಸುತ್ತಿದ್ದೆ. ರಾಮಿಪ್ರಿಲ್ ಸ್ಟ್ರಿಪ್ ಕೈಗೆ ಬಂತು. ಬಿಪಿಗೆ ಅಂತ ಅದು ಶುರುವಾಗಿದ್ದು ಗಣಪತಿ ಹಬ್ಬದ ವಾರ. ಕೆಮ್ಮು ಬಂದಿದ್ದು ದಸರೆಗೆ ಸ್ವಲ್ಪ ಮುಂಚೆ. ಎರಡನ್ನೂ ಪಕ್ಕಪಕ್ಕ ಇಟ್ಟು ನಾವ್ಯಾರೂ ನೋಡಿಯೇ ಇರಲಿಲ್ಲ.

ರಾಮಿಪ್ರಿಲ್, ಎನಾಲಪ್ರಿಲ್, ಲಿಸಿನೋಪ್ರಿಲ್. ಹೆಸರಿನ ಕೊನೆಗೆ 'ಪ್ರಿಲ್' ಇರುವ ಈ ಮಾತ್ರೆಗಳು ಹೃದಯಕ್ಕೂ ಕಿಡ್ನಿಗೂ ತುಂಬಾ ಉಪಕಾರ ಮಾಡುತ್ತವೆ. ಆದರೆ ಮೈಯಲ್ಲಿ ಬ್ರಾಡಿಕೈನಿನ್ ಅನ್ನೋ ಪದಾರ್ಥ ಕರಗುವುದನ್ನೂ ಇವು ತಡೆಯುತ್ತವೆ. ಅದು ಶ್ವಾಸನಾಳದಲ್ಲಿ ಸೇರಿಕೊಂಡು ಕೆಲವರಿಗೆ ಕೆಮ್ಮು ತರುತ್ತದೆ. ಮಾತ್ರೆ ಶುರು ಮಾಡಿದ ಕೆಲವೇ ದಿನಕ್ಕೆ ಬರಬಹುದು, ತಿಂಗಳುಗಟ್ಟಲೆ ಬಿಟ್ಟೂ ಬರಬಹುದು. ಯಾವ ಸಿರಪ್ಪಿಗೂ ಇದು ಸರಿಯಾಗಿ ಬಗ್ಗುವುದಿಲ್ಲ. ಡಾಕ್ಟರಿಗೆ ಹೇಳಿದೆ. ಅವರು ಅದನ್ನು ನಿಲ್ಲಿಸಿ ಬಿಪಿಗೆ ಟೆಲ್ಮಿಸಾರ್ಟನ್ ಅನ್ನೋ ಬೇರೆ ಮಾತ್ರೆ ಬರೆದುಕೊಟ್ಟರು. ಮೂರನೇ ವಾರಕ್ಕೆ ಅಮ್ಮ ರಾತ್ರಿ ಪೂರ್ತಿ ನಿದ್ದೆ ಮಾಡಿದರು.

ಅಮ್ಮನದು ಬರೀ ಕೆಮ್ಮು, ಅಷ್ಟಕ್ಕೇ ಮುಗಿಯಿತು. ಆದರೆ ಅಂಗಡಿಯ ಈಚೆ ನಿಂತು ನಾನು ನೋಡುವ ಚೀಟಿಗಳಲ್ಲಿ ಎಷ್ಟೋ ಸಲ ಒಂದು ಮಾತ್ರೆ ತಂದ ತೊಂದರೆಗೆ ಇನ್ನೊಂದು ಮಾತ್ರೆ ಬಂದಿರುತ್ತದೆ. ಅದರ ತೊಂದರೆಗೆ ಮೂರನೆಯದು.

ಹೇಗೆ ಅಂತ ಕೇಳಿ. ಬಿಪಿಗೆ ಆಮ್ಲೋಡಿಪಿನ್ ಕೊಡುತ್ತಾರೆ. ಒಳ್ಳೆಯ ಔಷಧಿ, ಬೆಲೆಯೂ ಕಡಿಮೆ. ಅದು ರಕ್ತನಾಳ ಅಗಲ ಮಾಡುವುದರಿಂದ ಕೆಲವರಿಗೆ ಪಾದ ಊದುತ್ತದೆ. ಸಂಜೆ ಹೊತ್ತಿಗೆ ಚಪ್ಪಲಿ ಪಟ್ಟಿ ಒತ್ತಿದ ಗುರುತು ಕಾಣುತ್ತದೆ. ಬೇರೆ ಯಾರ ಹತ್ತಿರವೋ ಹೋಗಿ 'ಕಾಲು ಬಾವು' ಅಂತಾರೆ, ಆಮ್ಲೋಡಿಪಿನ್ ವಿಷಯ ಹೇಳೋದಿಲ್ಲ. ಅಲ್ಲಿ ಮೂತ್ರ ಹೋಗಿಸುವ ಮಾತ್ರೆ ಸಿಗುತ್ತದೆ. ಈ ಬಾವಿಗೆ ಅದರಿಂದ ಅಂಥ ಪ್ರಯೋಜನ ಇಲ್ಲ. ಆಮ್ಲೋಡಿಪಿನ್ ಡೋಸ್ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಬಾವು ಇಳಿಯುತ್ತದೆ. ಆದರೆ ಮೂತ್ರದ ಮಾತ್ರೆ ಮುಂದುವರಿಯುತ್ತದೆ. ಅದರಿಂದ ರಕ್ತದಲ್ಲಿ ಯೂರಿಕ್ ಆಸಿಡ್ ಏರುತ್ತದೆ, ಅದು ಕೀಲುಗಳಲ್ಲಿ ಸೇರಿಕೊಳ್ಳುತ್ತದೆ. ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಬೆಳಿಗ್ಗೆ ನಮ್ಮಂಥ ಅಂಗಡಿಗೆ ಬಂದು ಕೇಳುತ್ತಾರೆ, 'ಅಕ್ಕಾ, ನೋವಿಗೆ ಒಂದು ಡೈಕ್ಲೋ ಕೊಡಿ.'

ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತದೆ, ಹೊಟ್ಟೆಯಲ್ಲಿ ಹುಣ್ಣನ್ನೂ ಮಾಡಬಲ್ಲದು. ನನಗೆ ಹೆಚ್ಚು ಭಯ ಕಿಡ್ನಿಯದು. ಕಿಡ್ನಿಯನ್ನು ಒಂದು ಜರಡಿ ಅಂದುಕೊಳ್ಳಿ. ಜರಡಿಗೆ ರಕ್ತ ತರುವ ಕೊಳವೆ ಒಂದು, ಹೊರಗೆ ಒಯ್ಯುವ ಕೊಳವೆ ಇನ್ನೊಂದು. ನೋವಿನ ಮಾತ್ರೆ ತರುವ ಕೊಳವೆಯನ್ನು ಕಿರಿದು ಮಾಡುತ್ತದೆ. 'ಪ್ರಿಲ್' ಮಾತ್ರೆ, ಟೆಲ್ಮಿಸಾರ್ಟನ್ ಥರದ 'ಸಾರ್ಟನ್' ಮಾತ್ರೆ ಒಯ್ಯುವ ಕೊಳವೆಯನ್ನು ಸಡಿಲ ಮಾಡುತ್ತವೆ. ಮೂತ್ರದ ಮಾತ್ರೆ ಮೈಯ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಸೋಸುವುದಕ್ಕೆ ಬೇಕಾದ ಒತ್ತಡವೇ ಉಳಿಯುವುದಿಲ್ಲ. ಜೊತೆಗೆ ವಾಂತಿಯೋ ಭೇದಿಯೋ ಶುರುವಾದರೆ ಕೆಲವೇ ದಿನದಲ್ಲಿ ಕಿಡ್ನಿ ಕೈಕೊಡಬಹುದು. ಈ ಮೂರೂ ಒಂದೇ ಮನೆಯ ಒಂದೇ ಡಬ್ಬಿಯಲ್ಲಿ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲೇ ಎಲೆಅಡಿಕೆ ಇತ್ತು.

ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದವರಿಗೆ ಅಲ್ಲಿನ ರಣಹದ್ದುಗಳ ವಿಷಯ ಗೊತ್ತಿರುತ್ತದೆ. 2012ರಿಂದ ಅದು ರಣಹದ್ದು ಧಾಮ. ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದ ಈ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಬಹುಪಾಲು ಸತ್ತುಹೋಗುವುದಕ್ಕೆ ಮುಖ್ಯ ಕಾರಣ ಇದೇ ಡೈಕ್ಲೋಫೆನಾಕ್. ದನಗಳಿಗೆ ಕೊಟ್ಟಿದ್ದು ಹೆಣದ ಮಾಂಸದಲ್ಲಿ ಉಳಿದಿತ್ತು, ತಿಂದ ಹಕ್ಕಿಗಳ ಕಿಡ್ನಿ ನಿಂತುಹೋಯಿತು. 2006ರಲ್ಲಿ ಸರ್ಕಾರ ದನಕರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಮನುಷ್ಯರು ಹಕ್ಕಿಗಳಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೂ ಕೌಂಟರ್ ಮುಂದೆ ನಿಂತು 'ಸುಮ್ನೆ ಒಂದು ಡೈಕ್ಲೋ' ಅಂದಾಗ ನನಗೆ ಆ ಬೆಟ್ಟ ನೆನಪಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗಿ ಏಕಾದಶಿ, ಶಿವರಾತ್ರಿ ಅಂತ ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ಮಾತು ತೊದಲುತ್ತದೆ. ಮನೆಯವರು ಉಪವಾಸದ ಸುಸ್ತು ಅಂದುಕೊಂಡು ಮಲಗಿಸುತ್ತಾರೆ. ಮಲಗಿಸಬೇಡಿ. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಪವಾಸ ಇರಲೇಬೇಕು ಅಂದರೆ ಅವತ್ತಿನ ಮಾತ್ರೆ ಹೇಗೆ ಅಂತ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಇದನ್ನೆಲ್ಲ ಕೇಳಿ ಯಾರೂ ನಾಳೆಯಿಂದ ಮಾತ್ರೆ ಬಿಡಬೇಡಿ, ದಯವಿಟ್ಟು. ಬಹಳ ದಿನ ತೆಗೆದುಕೊಂಡ ಸ್ಟಿರಾಯ್ಡ್ ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಕುತ್ತು. ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಕೂಡ ಹಾಗೆ ನಿಲ್ಲಿಸುವಂಥವಲ್ಲ. ಬಿಡುವುದು, ಬದಲಿಸುವುದು ಡಾಕ್ಟರ್ ಕೆಲಸ. ನಮ್ಮ ಕೆಲಸ ಅವರಿಗೆ ಪೂರ್ತಿ ಹೇಳುವುದು. ಹೋಗುವಾಗ ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್ಪುಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟಿದ್ದು, ಎಲ್ಲವೂ ಇರಲಿ. ಆದರೆ ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿದರೆ, ಮಲ ಕಪ್ಪಾದರೆ ಆ ಮಾತ್ರೆಯ ಮುಂದಿನ ಡೋಸ್ ನುಂಗದೆ ನೇರ ಆಸ್ಪತ್ರೆಗೆ ಹೋಗಬೇಕು.

ಔಷಧಿಯಿಂದ ತೊಂದರೆ ಆದರೆ ರೋಗಿಗಳೇ ಸರ್ಕಾರಕ್ಕೆ ತಿಳಿಸಬಹುದು. ಅದಕ್ಕೆ ಶುಲ್ಕವಿಲ್ಲದ ಸಹಾಯವಾಣಿ ಇದೆ: 1800 180 3024. ಪೆನ್ನು ಹುಡುಕುತ್ತಿರುವವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ, 1800 180 3024. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ, ಅದರ ಮೇಲಿನ ಬ್ಯಾಚ್ ನಂಬರ್ ಬೇಕಾಗಬಹುದು.

ಈಗ ಅಮ್ಮ ಹೊಸ ಮಾತ್ರೆ ಬಂದ ದಿನ ಸ್ಟ್ರಿಪ್ಪಿನ ಬೆನ್ನ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡುತ್ತಾರೆ. ಅಡುಗೆಮನೆ ಕ್ಯಾಲೆಂಡರಿನಲ್ಲೂ ಒಂದು ಗುರುತು ಹಾಕುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲೇ.

ನಮಸ್ಕಾರ.