ಸೋಫಾಗೆ ಅಡ್ವಾನ್ಸ್ ಕೊಡೋ ಮುಂಚೆ ಟೇಪ್ ಹಿಡೀರಿ

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರ್ತೀನಿ. ಮನೆ ಕಟ್ಟಿಸೋವಾಗ ಟೈಲ್ಸ್‌ಗೋಸ್ಕರ ವಾರಗಟ್ಟಲೆ ಅಂಗಡಿ ಸುತ್ತುತ್ತೀವಿ. ಮಂಚ ಎಲ್ಲಿ, ಬೀರು ಎಲ್ಲಿ, ಸೋಫಾ ಎಲ್ಲಿ ಅನ್ನೋದನ್ನ ಮಾತ್ರ ಗೃಹಪ್ರವೇಶ ಆದ್ಮೇಲೆ ನೋಡ್ಕೊಳ್ಳೋಣ ಅಂತ ಬಿಟ್ಟುಬಿಡ್ತೀವಿ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದ್ದೇ ಅದು. ಅದಕ್ಕೂ ಮುಂಚೆ, ಮನೆಯವರು ಎಲ್ಲೆಲ್ಲಿ ಓಡಾಡ್ತಾರೆ ಅನ್ನೋದು.

30x40 ಸೈಟಿನ ಮನೆಯಲ್ಲಿ ಒಂದು ಬೆಡ್‌ರೂಮ್ ತಗೊಳ್ಳಿ. 10 ಅಡಿ ಅಗಲ, 11 ಅಡಿ ಉದ್ದ ಅಂದ್ಕೊಳ್ಳಿ. ಇದಕ್ಕೆ ಕಿಂಗ್ ಸೈಜ್ ಮಂಚ ಹಾಕಿದ್ರೆ ಹಾಸಿಗೆಯೇ 6 ಅಡಿ ಅಗಲ, ಆರೂವರೆ ಅಡಿ ಉದ್ದ. ನೆನಪಿಡಿ, ಅಂಗಡಿಯಲ್ಲಿ ಹೇಳೋದು ಹಾಸಿಗೆ ಅಳತೆ. ಮರದ ಚೌಕಟ್ಟು ಸೇರಿದ್ರೆ ಇನ್ನೂ ಮೂರ್ನಾಲ್ಕು ಇಂಚು ಹೋಯ್ತು. ತಲೆ ಕಡೆ ಗೋಡೆ 10 ಅಡಿಯದಾದ್ರೆ ಮಂಚದ ಅಕ್ಕಪಕ್ಕ ಉಳಿಯೋದು ಎರಡೆರಡು ಅಡಿಗೂ ಕಮ್ಮಿ. ಕಾಲಿನ ಕಡೆ ನಾಲ್ಕು ಅಡಿ ಚಿಲ್ಲರೆ ಇರುತ್ತೆ, ಅಲ್ಲೇ 2 ಅಡಿ ಆಳದ ವಾರ್ಡ್‌ರೋಬ್ ನಿಲ್ಲಿಸ್ತೀವಿ. ಅದರ ಬಾಗಿಲು ಪೂರ್ತಿ ತೆಗೆದ್ರೆ ಮುಂದೆ ನಿಂತು ಬಟ್ಟೆ ಎತ್ತಿಕೊಳ್ಳೋಕೂ ಜಾಗ ಸಾಲಲ್ಲ. ಅದೇ ರೂಮಿಗೆ 5 ಅಡಿಯ ಕ್ವೀನ್ ಸೈಜ್ ಮಂಚ, ಜರುಗೋ ಬಾಗಿಲಿನ ವಾರ್ಡ್‌ರೋಬ್ ಹಾಕಿ ನೋಡಿ. ಮಂಚದ ಎರಡೂ ಪಕ್ಕ ಅರ್ಧರ್ಧ ಅಡಿ ಜಾಸ್ತಿ ಸಿಗುತ್ತೆ, ಇಬ್ಬರೂ ಅವರವರ ಪಕ್ಕದಿಂದ ಆರಾಮಾಗಿ ಏಳಬಹುದು.

ಈ ಅರ್ಧ ಅಡಿ ಯಾಕೆ ಇಷ್ಟು ಮುಖ್ಯ ಅಂತೀರಾ? ಮಂಡಿನೋವಿರೋ ಅಮ್ಮ ರಾತ್ರಿ ಬಾತ್‌ರೂಮಿಗೆ ಎದ್ದು ಹೋಗೋ ದಾರಿ ಅದು. ಮಂಚದ ಮೂಲೆ ಕಾಲಿಗೆ ತಾಗಿ ಒಂದು ಸಲ ಮುಗ್ಗರಿಸಿದ್ರೆ ಸಾಕು, ಆ ವಯಸ್ಸಲ್ಲಿ ಸೊಂಟದ ಮೂಳೆ ಮುರಿದ್ರೆ ಮತ್ತೆ ಮೊದಲಿನ ಹಾಗೆ ನಡೆಯೋದು ತುಂಬಾ ಕಷ್ಟ. ವಯಸ್ಸಾದವರ ರೂಮಲ್ಲಿ ಮಂಚದಿಂದ ಬಾಗಿಲವರೆಗೆ ಎರಡೂವರೆ ಅಡಿ ದಾರಿ ಖಾಲಿ ಇರಲೇಬೇಕು. ಇದರಲ್ಲಿ ನಾನು ರಾಜಿ ಆಗಲ್ಲ.

ವಾಸ್ತು ಪ್ರಶ್ನೆ ಬಂದೇ ಬರುತ್ತೆ. ಉತ್ತರಕ್ಕೆ ತಲೆ ಹಾಕಬಾರದು, ನೈಋತ್ಯದಲ್ಲಿ ಬೀರು ಇರಬೇಕು ಅಂತಾರೆ. ನಂಬೋರು ಪಾಲಿಸಲಿ. ಆದರೆ ಹಾಗೆ ಬೀರು ಇಟ್ಟು ಕಿಟಕಿ ಮುಚ್ಚಿಕೊಂಡಿರೋ ಮನೆಗಳನ್ನ ನೋಡಿದ್ರೆ ಬೇಜಾರಾಗುತ್ತೆ. ಕಿಟಕಿ ಎಲ್ಲಿ ಬರಬೇಕು ಅಂತ ಪ್ಲಾನ್ ಹಾಕೋವಾಗಲೇ ಮಂಚ, ಬೀರು ಎರಡನ್ನೂ ಅದರಲ್ಲಿ ಬರೆಸಿದ್ರೆ ವಾಸ್ತುವೂ ಉಳಿಯುತ್ತೆ, ಗಾಳಿ ಬೆಳಕೂ ಉಳಿಯುತ್ತೆ.

ಇನ್ನು ಹಾಲ್. ಮೂರು ಸೀಟಿನದೊಂದು, ಒಂಟಿ ಸೀಟಿನವೆರಡು, ನಡುವೆ ಟೀಪಾಯಿ: ಈ ಸೆಟ್ ಕಡ್ಡಾಯ ಅಂತ ಯಾರು ಹೇಳಿದ್ರೋ! ಸೋಫಾ ಆಳವೇ ಹತ್ತಿರ ಹತ್ತಿರ 3 ಅಡಿ. ವರಮಹಾಲಕ್ಷ್ಮಿಗೆ ಕಲಶ ಕೂರಿಸಬೇಕು, ದಸರಾಗೆ ಬೊಂಬೆ ಮೆಟ್ಟಿಲು ಜೋಡಿಸಬೇಕು, ನೆಂಟರು ಬಂದ್ರೆ ರಾತ್ರಿ ಹಾಸಿಗೆ ಹಾಸಬೇಕು. ಇದಕ್ಕೆಲ್ಲ ಬೇಕಾಗಿರೋದು ನೆಲ. ಒಂದು ಗೋಡೆಗೆ ದಿವಾನ, ಬೇಕಾದಾಗ ಎಳೆದುಕೊಳ್ಳೋಕೆ ಒಂದೆರಡು ಹಗುರ ಬೆತ್ತದ ಕುರ್ಚಿ, ಚಿಕ್ಕ ಹಾಲಿಗೆ ಇಷ್ಟು ಸಾಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮನೆ ಕಟ್ಟಿಸ್ತಾ ಇರೋರಿಗೆ ಒಂದು ಮಾತು. ಪ್ಲಾಸ್ಟರಿಂಗ್‌ಗೆ ಮುಂಚೆ ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪ್ ಹಾಕೋಕೆ ಬಂದು "ಪಾಯಿಂಟ್ ಎಲ್ಲೆಲ್ಲಿ ಬೇಕು ಸಾರ್" ಅಂತ ಕೇಳ್ತಾರೆ. ಆ ಹೊತ್ತಿಗೆ ಮಂಚದ ಜಾಗ ಗೊತ್ತಿರಬೇಕು. ಇಲ್ಲದಿದ್ರೆ ಸ್ವಿಚ್‌ಬೋರ್ಡ್ ಬೀರು ಹಿಂದೆ ಹೋಗುತ್ತೆ, ಮೊಬೈಲ್ ಚಾರ್ಜಿಗೆ ರೂಮಿನಡ್ಡ ಎಕ್ಸ್‌ಟೆನ್ಷನ್ ವೈರ್ ಎಳೀಬೇಕಾಗುತ್ತೆ. ಮಂಚದ ಪಕ್ಕ ಒಂದು ಟೂ ವೇ ಸ್ವಿಚ್ (ಒಂದೇ ಲೈಟನ್ನ ಎರಡು ಜಾಗದಿಂದ ಹಾಕಿ ಆರಿಸೋ ಸ್ವಿಚ್) ಹಾಕಿಸಿಕೊಳ್ಳಿ, ಮಲಗಿದ್ದಲ್ಲಿಂದಲೇ ಲೈಟ್ ಹಾಕಬಹುದು.

ಆಗಲೇ ಕಟ್ಟಿರೋ ಮನೆ, ಬಾಡಿಗೆ ಮನೆ ಆದ್ರೆ ಹಳೇ ಪೇಪರ್ ತಗೊಳ್ಳಿ. ಮಂಚದ ಅಳತೆ, ಸೋಫಾ ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ. ವಾರ್ಡ್‌ರೋಬ್ ಬಾಗಿಲು ತೆರೆಯೋ ಜಾಗಕ್ಕೂ ಒಂದು ಹಾಳೆ ಇಡಿ. ಎರಡು ದಿನ ಹಾಗೇ ಬಿಟ್ಟು, ಪೇಪರ್ ತುಳಿಯದೆ ಓಡಾಡೋಕೆ ಮನೆಯವರಿಗೆಲ್ಲ ಹೇಳಿ. ಎಲ್ಲಿ ಪದೇಪದೇ ತುಳೀತಾರೋ ಆ ಜಾಗ ಬಿಟ್ಟು, ಉಳಿದದ್ದರ ಅಳತೆ ಬರ್ಕೊಂಡು ಅಂಗಡಿಗೆ ಹೋಗಿ.