ತಿನ್ನುವ ಲಸಿಕೆಗೂ ಅಳತೆ ಬೇಕು

ರೈತಬಾಂಧವರೇ, ನಮಸ್ಕಾರ. ಹಾಲು ಕರೆದು ಡೇರಿಗೆ ಹಾಕಿ ಬಂದಿರುತ್ತೀರಿ. ಐದು ನಿಮಿಷ ಇತ್ತ ಕಿವಿ ಕೊಡಿ. ಇವತ್ತಿನ ವಿಷಯ ತಿನ್ನುವ ಲಸಿಕೆ.

ರೋಗಾಣುವಿನ ಒಂದೇ ಒಂದು ಪ್ರೋಟೀನಿನ ಜೀನನ್ನು ಗಿಡಕ್ಕೆ ಸೇರಿಸುತ್ತಾರೆ. ಗಿಡ ಆ ಪ್ರೋಟೀನನ್ನು ಮಾಡುತ್ತದೆ. ತಿಂದ ಮೈ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ರೋಗಾಣುವೇ ಒಳಗಿಲ್ಲ, ಹಾಗಾಗಿ ರೋಗ ಬರುವುದಿಲ್ಲ. ಇಷ್ಟೇ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ವೈರಸ್ಸಿನ ಜೀನನ್ನು ಕಡಲೆಕಾಯಿ ಗಿಡಕ್ಕೆ ಹಾಕಿ, ಸೊಪ್ಪನ್ನು ದನಗಳಿಗೆ ತಿನ್ನಿಸಿದರು. ದನಗಳ ರಕ್ತದಲ್ಲಿ ಆ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಕಂಡವು. ಇದು 2003ರ ಮಾತು.

ಇದನ್ನು ಹೇಳಿದ ಕೂಡಲೇ ಎಲ್ಲ ಊರಲ್ಲೂ ಒಂದೇ ಪ್ರಶ್ನೆ: "ಬೀಜ ಎಲ್ಲಿ ಸಿಗುತ್ತೆ ಸಾರ್?" ಸ್ವಲ್ಪ ತಡೀರಿ. ಅಳತೆ ಎಲ್ಲಿ?

ನಮ್ಮನೆಯಲ್ಲಿ ಕೆಂದಿ, ಗೌರಿ ಅಂತ ಎರಡು ಹಸು ಇದ್ದವು. ಜಂತುಹುಳಕ್ಕೆ ಔಷಧಿ ಕುಡಿಸಬೇಕು. ಅಜ್ಜ ಆದರೆ ಬಿದಿರಿನ ಗೊಟ್ಟ ಹಿಡಿದು, ಮೂಗು ಎತ್ತಿ, ಒಂದೊಂದಕ್ಕೂ ಬೇರೆಬೇರೆಯಾಗಿ ಹೊಯ್ಯುತ್ತಿದ್ದ. ಅವತ್ತು ಅಜ್ಜ ಸಂತೆಗೆ ಹೋಗಿದ್ದ. ನಮ್ಮ ಚಿಕ್ಕಪ್ಪನಿಗೆ ಸೋಮಾರಿತನ ಜಾಸ್ತಿ. ಎರಡರ ಔಷಧಿಯನ್ನೂ ಒಂದೇ ಬಾನಿಯ ಕಲಗಚ್ಚಿಗೆ ಸುರಿದು, ಮೇಲೆ ಬೂಸ ಉದುರಿಸಿ, ಬೀಡಿ ಹಚ್ಚಿದ. ಗೌರಿ ಮೂತಿ ಅದ್ದಿ, ಮೂಸಿ, ಹಿಂದೆ ಸರಿದಳು. ಕೆಂದಿ ಬಾನಿಯ ತಳ ನೆಕ್ಕಿದಳು. ಆಮೇಲೆ ಮೂರು ದಿನ ಕೆಂದಿಗೆ ಭೇದಿ, ಗೌರಿಯ ಹುಳ ಗೌರಿಯ ಹೊಟ್ಟೆಯಲ್ಲೇ. ಅಜ್ಜ ಬಂದು ಗೊಟ್ಟ ಹುಡುಕಿದ್ದು ಹಸುಗಳಿಗಲ್ಲ, ಚಿಕ್ಕಪ್ಪನಿಗೆ!

ಲಸಿಕೆಯ ಸೊಪ್ಪೂ ಹಾಗೇ. ಒಂದು ಎಲೆಯಲ್ಲಿ ಪ್ರೋಟೀನ್ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಒಂದು ದನ ಮೇಯುತ್ತದೆ, ಇನ್ನೊಂದು ಬಿಡುತ್ತದೆ. ಅಳತೆ ಇಲ್ಲದ್ದು ಮೇವು, ಲಸಿಕೆ ಅಲ್ಲ.

ಮನುಷ್ಯರ ಮೇಲೂ ನೋಡಿದ್ದಾರೆ. 1998ರಲ್ಲಿ ಅಮೆರಿಕದಲ್ಲಿ 11 ಜನ ಲಸಿಕೆಯ ಆಲೂಗಡ್ಡೆ ತಿಂದರು, 10 ಜನರಲ್ಲಿ ಪ್ರತಿಕಾಯ ಏರಿತು. ಆದರೆ ತಿಂದದ್ದು ಹಸಿ ಆಲೂಗಡ್ಡೆ! ಬೋಂಡಾ ಮಾಡಿದರೆ ಪ್ರೋಟೀನ್ ಕೆಡುತ್ತದೆ, ಅಲ್ವಾ?

ಸಮಯ ಆಯ್ತು ಅಂತ ಸ್ಟುಡಿಯೋದ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಜಪಾನಿನವರು ಕಾಲರಾಕ್ಕೆ ಭತ್ತದಲ್ಲಿ ಲಸಿಕೆ ಬೆಳೆದಿದ್ದಾರೆ. ಅವರು ಅನ್ನ ಮಾಡುವುದಿಲ್ಲ. ಅಕ್ಕಿಯನ್ನು ಪುಡಿ ಮಾಡಿ, ತೂಗಿ, ಕದಡಿ ಪರೀಕ್ಷೆಗೆ ಕುಡಿಸಿದ್ದಾರೆ. ತೂಗಿ ಅಂದೆ, ಕೇಳಿಸಿತಾ?

ಇನ್ನು ಆ ದೊಡ್ಡರೋಗ. 2011ರಲ್ಲಿ ಅದು ಲೋಕದಿಂದಲೇ ಹೋಯಿತೆಂದು ಸಾರಿದರು. ಓಡಿಸಿದ್ದು ಅಳತೆಯ ಸೂಜಿಮದ್ದು. ಹಾಗಾಗಿ ಕಾಲುಬಾಯಿ ರೋಗದ ಸೂಜಿ ಹಿಡಿದು ಪಶು ಡಾಕ್ಟರು ಬಂದ ದಿನ ದಯವಿಟ್ಟು ದನಗಳನ್ನು ಕಟ್ಟಿಹಾಕಿರಿ. ಮೇಯಲು ಹೊಡೆದುಬಿಟ್ಟೆ ಸಾರ್ ಅನ್ನಬೇಡಿ. ನಮಸ್ಕಾರ.