ಭಾಗಾಕಾರ ತೆಗೆದರು, ಶೂನ್ಯತೆ ಉಳಿಸಿದರು

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಲ್ಲೇ ಮಾತಾಡುತ್ತೇನೆ. ವಿಷಯ ಗಣಿತದ್ದು, ಆದರೂ ಎದ್ದು ಹೋಗಬೇಡಿ.

2022ರಲ್ಲಿ ಶಾಲಾ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿಯವರು ಪಠ್ಯದ ಹೊರೆ ಇಳಿಸಲು ಹೊರಟರು. ಕೋವಿಡ್ ಮುಗಿದ ಹೊತ್ತು, ಮಕ್ಕಳಿಗೆ ಭಾರ ಜಾಸ್ತಿ ಆಗಬಾರದು ಅನ್ನುವುದು ಕಾರಣ. ಸರಿ, ಒಪ್ಪೋಣ. ಆದರೆ ಹತ್ತನೇ ತರಗತಿಯ ಬಹುಪದೋಕ್ತಿ (ಅದೇ, ಎಕ್ಸ್, ಎಕ್ಸ್ ಸ್ಕ್ವೇರ್ ಅಂತ ಪದಗಳನ್ನು ಕೂಡಿಸಿ ಬರೆಯುವ ಉಕ್ತಿ) ಪಾಠದಲ್ಲಿ ಕತ್ತರಿ ಬಿದ್ದದ್ದು ಎಲ್ಲಿ ಗೊತ್ತಾ? ಭಾಗಾಕಾರದ ಮೇಲೆ. ಒಂದು ಬಹುಪದೋಕ್ತಿಯನ್ನು ಇನ್ನೊಂದರಿಂದ ಭಾಗಿಸುವ ಇಡೀ ಭಾಗ ಹೋಯಿತು. ಒಂಬತ್ತನೇ ತರಗತಿಯಲ್ಲಿದ್ದ ಶೇಷ ಪ್ರಮೇಯವೂ ಅದರ ಜೊತೆಗೇ ಹೋಯಿತು. ಉಳಿದದ್ದು ಶೂನ್ಯತೆಗಳು (ಬಹುಪದೋಕ್ತಿಯನ್ನು ಸೊನ್ನೆ ಮಾಡುವ ಎಕ್ಸ್‌ನ ಬೆಲೆಗಳು), ಅವುಗಳ ನಕ್ಷೆ, ಮೊತ್ತ, ಗುಣಲಬ್ಧ. ಅಂದರೆ ಏನನ್ನು ಹುಡುಕಬೇಕು ಅಂತ ಹೇಳಿಕೊಟ್ಟು, ಹುಡುಕುವ ದಾರಿಯನ್ನೇ ಮುಚ್ಚಿದ ಹಾಗಾಯಿತು.

ಇದು ತಪ್ಪು ಅಂತ ನನ್ನ ವಾದ. ಯಾಕೆ ಅಂತ ಹೇಳುತ್ತೇನೆ. ಆದರೆ ಮೊದಲು ಇನ್ನೊಂದು ಮಾತು ಹೇಳಬೇಕು, ಇಲ್ಲದಿದ್ದರೆ ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರ ಸಾಲಿಗೆ ನನ್ನನ್ನೂ ಸೇರಿಸಿಬಿಡುತ್ತೀರಿ. ಭಾಗಾಕಾರ ಇದ್ದಾಗಲೂ ಅದನ್ನು ಕಲಿಸುತ್ತಿದ್ದ ರೀತಿ ಸರಿ ಇರಲಿಲ್ಲ. ಪ್ರಶ್ನೆ ಹೇಗಿರುತ್ತಿತ್ತು ನೆನಪಿದೆಯಾ? ನಾಲ್ಕನೇ ಘಾತದ ಒಂದು ಬಹುಪದೋಕ್ತಿ ಕೊಟ್ಟು, ಅದರ ಎರಡು ಶೂನ್ಯತೆಗಳು ರೂಟ್ 2 ಮತ್ತು ಮೈನಸ್ ರೂಟ್ 2 ಆದರೆ ಉಳಿದ ಶೂನ್ಯತೆಗಳನ್ನು ಕಂಡುಹಿಡಿಯಿರಿ. ಅರೆ, ಅರ್ಧ ಕೆಲಸ ನೀವೇ ಮಾಡಿಕೊಟ್ಟಿರಲ್ಲ! ಆ ರೂಟ್ 2 ಬಂದದ್ದು ಎಲ್ಲಿಂದ, ಯಾರು ಹುಡುಕಿದರು, ಅಂತ ಕೇಳುವವರೇ ಇಲ್ಲ. ಹುಡುಗರು ಭಾಗಿಸುತ್ತಾರೆ, ಮಧ್ಯದಲ್ಲೊಂದು ಮೈನಸ್ ಚಿಹ್ನೆ ಬದಲಿಸಲು ಮರೆಯುತ್ತಾರೆ, ಶೇಷ ಸೊನ್ನೆ ಬರುವುದಿಲ್ಲ, ಆಮೇಲೆ ಹೇಗೋ ಒಂದು ಸೊನ್ನೆ ತಂದು ಕೂರಿಸುತ್ತಾರೆ. ಅಂಕ ಬಂದರೆ ಮುಗಿಯಿತು.

ಈಗ ಒಂದು ನಿಜವಾದ ಲೆಕ್ಕ ಮಾಡೋಣ. ಪೆನ್ನು ಹಾಳೆ ತಗೊಳ್ಳಿ, ಕಾಯುತ್ತೇನೆ.

12ನೇ ಶತಮಾನದಲ್ಲಿ ಎರಡನೆಯ ಭಾಸ್ಕರರು ಬೀಜಗಣಿತದ ಮೇಲೆ ಬರೆದ ಗ್ರಂಥದಲ್ಲಿ ಈ ಲೆಕ್ಕ ಇದೆ. ಅವರ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರದ ಕಡೆಯದೋ ಮಹಾರಾಷ್ಟ್ರದ್ದೋ ಅನ್ನುವ ಜಗಳ ಇದೆ, ಇವತ್ತು ಅದು ಬೇಡ. ಲೆಕ್ಕ ಹೀಗಿದೆ: ಒಂದು ಸಂಖ್ಯೆಯ ಘನಕ್ಕೆ ಅದೇ ಸಂಖ್ಯೆಯ 12 ಪಟ್ಟು ಕೂಡಿಸಿದರೆ, ಅದರ ವರ್ಗದ 6 ಪಟ್ಟಿಗೆ 35 ಕೂಡಿಸಿದಷ್ಟೇ ಬರುತ್ತದೆ. ಆ ಸಂಖ್ಯೆ ಯಾವುದು? ಎಲ್ಲವನ್ನೂ ಒಂದೇ ಕಡೆಗೆ ತನ್ನಿ. ಎಕ್ಸ್ ಕ್ಯೂಬ್, ಮೈನಸ್ 6 ಎಕ್ಸ್ ಸ್ಕ್ವೇರ್, ಪ್ಲಸ್ 12 ಎಕ್ಸ್, ಮೈನಸ್ 35. ಇದು ಸೊನ್ನೆ ಆಗಬೇಕು.

ಎಲ್ಲಿಂದ ಶುರು ಮಾಡುವುದು? ಪೂರ್ಣಾಂಕ ಉತ್ತರ ಇದ್ದರೆ ಅದು 35ನ್ನು ಭಾಗಿಸಲೇಬೇಕು. ಅಂದರೆ 1, 5, 7, 35, ಇವೇ, ಪ್ಲಸ್ ಅಥವಾ ಮೈನಸ್. ಮೈನಸ್ ಸಂಖ್ಯೆ ಹಾಕಿದರೆ ನಾಲ್ಕೂ ಪದಗಳು ಮೈನಸ್ ಆಗುತ್ತವೆ, ಮೊತ್ತ ಸೊನ್ನೆ ಆಗುವ ಮಾತೇ ಇಲ್ಲ. ಹಾಗಾಗಿ ನಾಲ್ಕೇ ಸಂಖ್ಯೆ ಉಳಿದವು. ನೋಡಿ, ಇಡೀ ಸಂಖ್ಯಾಲೋಕದಿಂದ ನಾಲ್ಕಕ್ಕೆ ಬಂದೆವು, ಇನ್ನೂ ಏನೂ ಗುಣಿಸಿಲ್ಲ, ಭಾಗಿಸಿಲ್ಲ.

ಈಗ ಎಕ್ಸ್ ಬಿಟ್ಟು ಬರೀ ಸಹಗುಣಕಗಳನ್ನು ಸಾಲಾಗಿ ಬರೆಯಿರಿ: 1, ಮೈನಸ್ 6, 12, ಮೈನಸ್ 35. ಮೊದಲು 7 ಹಾಕಿ ನೋಡೋಣ. 1ನ್ನು ಹಾಗೇ ಕೆಳಗಿಳಿಸಿ. ಅದನ್ನು 7ರಿಂದ ಗುಣಿಸಿ ಪಕ್ಕದ ಮೈನಸ್ 6ಕ್ಕೆ ಕೂಡಿಸಿ, 1 ಬಂತು. ಮತ್ತೆ 7ರಿಂದ ಗುಣಿಸಿ 12ಕ್ಕೆ ಕೂಡಿಸಿ, 19. ಮತ್ತೆ ಗುಣಿಸಿ 133, ಅದರಲ್ಲಿ 35 ಹೋದರೆ 98. ಈ 98 ಇದೆಯಲ್ಲ, ಅದು ಎಕ್ಸ್ ಮೈನಸ್ 7ರಿಂದ ಭಾಗಿಸಿದಾಗ ಉಳಿಯುವ ಶೇಷ. ಎಕ್ಸ್ ಜಾಗದಲ್ಲಿ ನೇರವಾಗಿ 7 ಹಾಕಿದರೂ ಅದೇ 98 ಬರುತ್ತದೆ, ಬೇಕಾದರೆ ಮಾಡಿ ನೋಡಿ. ಪುಸ್ತಕದಿಂದ ತೆಗೆದರಲ್ಲ ಶೇಷ ಪ್ರಮೇಯ, ಅದು ಇಷ್ಟೇ. ಇದನ್ನು ಹೊರೆ ಅಂದರು!

1 ಹಾಕಿದರೆ ಶೇಷ ಮೈನಸ್ 28. ಅಂದರೆ 1ರ ಹತ್ತಿರ ಬೆಲೆ ಸೊನ್ನೆಗಿಂತ ಕೆಳಗೆ, 7ರ ಹತ್ತಿರ ಮೇಲೆ. ನಡುವೆ ಎಲ್ಲೋ ಸೊನ್ನೆಯನ್ನು ದಾಟಲೇಬೇಕು. ನಮ್ಮ ಪಟ್ಟಿಯಲ್ಲಿ ನಡುವೆ ಇರುವುದು 5 ಒಂದೇ. ಹಾಕಿ. 1 ಇಳಿಯಿತು. 5 ಕೂಡಿಸಿದರೆ ಮೈನಸ್ 1. ಮೈನಸ್ 5 ಕೂಡಿಸಿದರೆ 7. 35 ಕೂಡಿಸಿದರೆ ಸೊನ್ನೆ. ಸಿಕ್ಕಿತು.

ಆ ಸೊನ್ನೆಯ ಹಿಂದೆ ಸಾಲಾಗಿ ನಿಂತ 1, ಮೈನಸ್ 1, 7 ಇವೆಯಲ್ಲ, ಅವೇ ಭಾಗಲಬ್ಧ. ಎಕ್ಸ್ ಸ್ಕ್ವೇರ್ ಮೈನಸ್ ಎಕ್ಸ್ ಪ್ಲಸ್ 7. ಘನ ಇದ್ದದ್ದು ವರ್ಗಕ್ಕೆ ಇಳಿಯಿತು. ವರ್ಗ ಬಂದರೆ ಸೂತ್ರ ಇದೆ. ಆ ಸೂತ್ರದಲ್ಲಿ ಮೂಲಚಿಹ್ನೆಯೊಳಗೆ ಬರುವ ಶೋಧಕ 1 ಮೈನಸ್ 28, ಅಂದರೆ ಮೈನಸ್ 27, ಹಾಗಾಗಿ ಬೇರೆ ವಾಸ್ತವ ಶೂನ್ಯತೆ ಇಲ್ಲ. ಇಡೀ ಕಥೆ ಮುಗಿಯಿತು. ಭಾಗಾಕಾರದ ಕೆಲಸವೇ ಇದು: ಒಂದು ಶೂನ್ಯತೆ ಸಿಕ್ಕ ಕೂಡಲೇ ಲೆಕ್ಕ ಒಂದು ಮೆಟ್ಟಿಲು ಇಳಿಯುತ್ತದೆ. ಐದನೇ ಘಾತದ ಸಮೀಕರಣಗಳನ್ನೆಲ್ಲ ಬಿಡಿಸುವ, ಬರೀ ಕೂಡು, ಕಳೆ, ಗುಣಿಸು, ಭಾಗಿಸು ಮತ್ತು ಮೂಲಚಿಹ್ನೆಗಳಿರುವ ಒಂದು ಸಾಮಾನ್ಯ ಸೂತ್ರ ಇರಲು ಸಾಧ್ಯವಿಲ್ಲ ಅಂತ ನಾರ್ವೆಯ ಗಣಿತಜ್ಞ ಆಬೆಲ್ 1824ರಲ್ಲೇ ತೋರಿಸಿಬಿಟ್ಟರು. ಅಲ್ಲಿ ಇಂಥ ಮೆಟ್ಟಿಲಿಳಿಯುವ ಉಪಾಯ ತುಂಬಾ ನೆರವಿಗೆ ಬರುತ್ತದೆ.

ಜಾಣರೊಬ್ಬರು ಈಗ ಕೇಳಬಹುದು: ಭಾಗಾಕಾರ ಯಾಕೆ, ಮೊತ್ತ ಮತ್ತು ಗುಣಲಬ್ಧ ಇದೆಯಲ್ಲ? ಮೂರೂ ಶೂನ್ಯತೆಗಳ ಮೊತ್ತ 6, ಗುಣಲಬ್ಧ 35. ಒಂದು 5 ಆದರೆ ಉಳಿದೆರಡರ ಮೊತ್ತ 1, ಗುಣಲಬ್ಧ 7. ಅದೇ ವರ್ಗ ಬಹುಪದೋಕ್ತಿ ಬಂತಲ್ವಾ? ಬಂತು, ಚೆನ್ನಾಗಿದೆ, ಶಭಾಶ್. ಆದರೆ ನಾಲ್ಕನೇ ಘಾತದ್ದು ತಗೊಳ್ಳಿ, ಒಂದೇ ಶೂನ್ಯತೆ ಗೊತ್ತಿರಲಿ, ಆಗ ಮೊತ್ತ ಮತ್ತು ಗುಣಲಬ್ಧ ಎರಡೇ ಹಿಡಿದುಕೊಂಡರೆ ಕೆಲಸ ಆಗುವುದಿಲ್ಲ.

ಇನ್ನೊಂದು ಮಾತು ಪಿಯುಸಿ ಉಪನ್ಯಾಸಕರು ನನಗಿಂತ ಚೆನ್ನಾಗಿ ಹೇಳುತ್ತಾರೆ. ದ್ವಿತೀಯ ಪಿಯುಸಿಯ ಇಂಟಿಗ್ರೇಷನ್‌ನಲ್ಲಿ ಅಂಶದ ಘಾತ ಛೇದದ ಘಾತಕ್ಕಿಂತ ದೊಡ್ಡದಿದ್ದರೆ ಮೊದಲು ಭಾಗಿಸಬೇಕು, ಆಮೇಲೆ ಪಾರ್ಷಿಯಲ್ ಫ್ರ್ಯಾಕ್ಷನ್, ಅಂದರೆ ದೊಡ್ಡ ಭಿನ್ನರಾಶಿಯನ್ನು ಚಿಕ್ಕ ಚಿಕ್ಕದಾಗಿ ಒಡೆಯುವುದು. ಅಲ್ಲಿಗೆ ಬಂದ ಹುಡುಗಿಗೆ ಬಹುಪದೋಕ್ತಿ ಭಾಗಿಸುವುದೇ ಗೊತ್ತಿಲ್ಲ ಅಂದರೆ? ಹತ್ತನೇ ತರಗತಿಯಲ್ಲಿ ಇಳಿಸಿದ ಹೊರೆ ಹನ್ನೆರಡನೇ ತರಗತಿಯ ಹೆಗಲಿಗೆ ಬಿತ್ತು, ಅಷ್ಟೇ.

ಆಮೇಲೆ ಆ ಶಾಶ್ವತ ಪ್ರಶ್ನೆ ಇದೆಯಲ್ಲ, ಇದೆಲ್ಲ ಜೀವನದಲ್ಲಿ ಎಲ್ಲಿ ಉಪಯೋಗ ಸ್ವಾಮಿ ಅಂತ. ಸಾಮಾನ್ಯವಾಗಿ ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಷ್ಟವಿಲ್ಲ, ಎಲ್ಲದಕ್ಕೂ ಉಪಯೋಗ ಕೇಳುವವರು ಕ್ರಿಕೆಟ್ ನೋಡುವಾಗ ಕೇಳುವುದಿಲ್ಲ. ಆದರೆ ಇಲ್ಲಿ ಉತ್ತರ ಎಷ್ಟು ಚೆನ್ನಾಗಿದೆ ಅಂದರೆ ಬಿಡಲು ಮನಸ್ಸಾಗುವುದಿಲ್ಲ. ಎಳನೀರು ಗಾಡಿಗೆ ಅಂಟಿಸಿರುವ ಕ್ಯೂಆರ್ ಕೋಡ್ ನೋಡಿದ್ದೀರಲ್ಲ? ಬಿಸಿಲಿಗೆ ಮಾಸಿರುತ್ತದೆ, ಮೂಲೆ ಕೆರೆದುಹೋಗಿರುತ್ತದೆ, ಆದರೂ ಫೋನ್ ಹಿಡಿದರೆ ಟಕ್ ಅಂತ ಓದುತ್ತದೆ. ಹೇಗೆ? ಶೇಷದಿಂದ.

ಅತಿ ಚಿಕ್ಕ ಕ್ಯೂಆರ್ ಕೋಡ್ 21 ಚೌಕ ಉದ್ದ, 21 ಚೌಕ ಅಗಲ. ಹಣ ಕಟ್ಟುವ ಕೋಡ್ ಇದಕ್ಕಿಂತ ದೊಡ್ಡದು, ತತ್ವ ಒಂದೇ. ತಪ್ಪು ಸರಿಪಡಿಸುವ ಸಾಮರ್ಥ್ಯದ ಎಂ ಅನ್ನುವ ಮಟ್ಟದಲ್ಲಿ ಅದರೊಳಗೆ 26 ಸಂಖ್ಯೆಗಳಿರುತ್ತವೆ. 16 ನಿಜವಾದ ಮಾಹಿತಿ, ಉಳಿದ 10 ಶೇಷ. ಆ 16 ಸಂಖ್ಯೆಗಳನ್ನು ಒಂದು ಬಹುಪದೋಕ್ತಿಯ ಸಹಗುಣಕಗಳು ಅಂದುಕೊಳ್ಳುತ್ತಾರೆ, ಹಿಂದೆ ಹತ್ತು ಸೊನ್ನೆ ಸೇರಿಸುತ್ತಾರೆ, ಹತ್ತನೇ ಘಾತದ ಒಂದು ನಿಗದಿತ ಬಹುಪದೋಕ್ತಿಯಿಂದ ಭಾಗಿಸುತ್ತಾರೆ. ಕೂಡುವ, ಗುಣಿಸುವ ನಿಯಮ ನಮ್ಮದಕ್ಕಿಂತ ಬೇರೆ, 256 ಸಂಖ್ಯೆಗಳೊಳಗೇ ಸುತ್ತುತ್ತದೆ. ಆದರೆ ಭಾಗಿಸುವ ಕ್ರಮ ಶಾಲೆಯದೇ. ಬಂದ ಶೇಷವನ್ನು ಕೊನೆಗೆ ಅಂಟಿಸಿದರೆ ಇಡೀ 26 ಸಂಖ್ಯೆಗಳ ಬಹುಪದೋಕ್ತಿ ಆ ಭಾಜಕದಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಫೋನ್ ಏನು ಮಾಡುತ್ತದೆ? ಭಾಜಕದ ಹತ್ತು ಶೂನ್ಯತೆಗಳನ್ನು ಒಂದೊಂದಾಗಿ ಹಾಕಿ ನೋಡುತ್ತದೆ. ಹತ್ತೂ ಸಲ ಸೊನ್ನೆ ಬಂದರೆ ಕೋಡ್ ಸರಿ ಇದೆ. ಬರಲಿಲ್ಲ ಅಂದರೆ ಎಲ್ಲೋ ಕೆಟ್ಟಿದೆ, ಎಲ್ಲಿ ಅಂತ ತಿಳಿಯಲು ಇನ್ನೊಂದು ಬಹುಪದೋಕ್ತಿ ಕಟ್ಟಿ ಅದರ ಶೂನ್ಯತೆ ಹುಡುಕುತ್ತದೆ. ನಾಲ್ಕು ಸಂಖ್ಯೆ ಎಲ್ಲಿ ಕೆಟ್ಟರೂ ಸರಿಪಡಿಸಿಕೊಳ್ಳುತ್ತದೆ. ಭಾಗಾಕಾರ, ಶೇಷ, ಶೂನ್ಯತೆ, ಮೂರೂ ಒಂದೇ ಸ್ಟಿಕ್ಕರ್‌ನಲ್ಲಿ. ಈ ಮೂರರಲ್ಲಿ ಎರಡನ್ನು ಕಿತ್ತು ಒಂದನ್ನು ಮಾತ್ರ ಮಕ್ಕಳಿಗೆ ಕೊಟ್ಟಿದ್ದೇವೆ.

ಹಾಗಾದರೆ ನಾನು ಕೇಳುವುದೇನು? ಭಾಗಾಕಾರ ವಾಪಸ್ ಬರಲಿ, ಆದರೆ ಶೂನ್ಯತೆಯನ್ನು ಪ್ರಶ್ನೆಯಲ್ಲೇ ಕೊಡುವುದು ನಿಲ್ಲಲಿ. ಹುಡುಕಲು ಬಿಡಿ. ವರ್ಷಕ್ಕೆ ಮೂವತ್ತು ಲೆಕ್ಕ ಬೇಡ, ಮೂರು ಸಾಕು, ಒಂದೊಂದಕ್ಕೂ ಒಂದು ಪೂರ್ತಿ ಪೀರಿಯಡ್ ಕೊಡಿ. ತಪ್ಪು ಸಂಖ್ಯೆ ಹಾಕಿ 98 ಬಂದರೆ ಅದಕ್ಕೂ ಅಂಕ ಇರಲಿ, ಯಾಕೆಂದರೆ ನಮಗೆ 5ರ ದಾರಿ ತೋರಿಸಿದ್ದು ಆ 98.

ನಿಮಗೂ ಒಂದು ಕೊಡುತ್ತೇನೆ, ಇದೂ ಭಾಸ್ಕರರದ್ದೇ. ಎಕ್ಸ್‌ನ ನಾಲ್ಕನೇ ಘಾತ, ಮೈನಸ್ 2 ಎಕ್ಸ್ ಸ್ಕ್ವೇರ್, ಮೈನಸ್ 400 ಎಕ್ಸ್, ಮೈನಸ್ 9999. ಎಕ್ಸ್ ಕ್ಯೂಬ್ ಇಲ್ಲ, ಆ ಜಾಗಕ್ಕೆ ಸೊನ್ನೆ ಬರೆಯಲು ಮರೆಯಬೇಡಿ, ಹೆಚ್ಚಿನವರು ಜಾರುವುದೇ ಅಲ್ಲಿ. ಅವರು ಕೊಟ್ಟ ಉತ್ತರ 11. ಭಾಗಿಸಿದರೆ 1, 11, 119, 909 ಬರುತ್ತದೆ, ಶೇಷ ಸೊನ್ನೆ. ಆದರೆ ಇನ್ನೊಂದು ವಾಸ್ತವ ಶೂನ್ಯತೆ ಇದೆ, ಅದನ್ನು ನಾನು ಹೇಳುವುದಿಲ್ಲ. ಪ್ಲಸ್ ಸಂಖ್ಯೆ ಹುಡುಕಬೇಡಿ, ಈ ಭಾಗಲಬ್ಧದ ಸಹಗುಣಕಗಳೆಲ್ಲ ಪ್ಲಸ್ ಇವೆ, ಸೊನ್ನೆ ಬರುವುದಿಲ್ಲ. 909ನ್ನು ಭಾಗಿಸುವುದು 1, 3, 9, 101, 303, 909, ಇಷ್ಟೇ. ಮುಂದೆ ಮೈನಸ್ ಹಾಕಿ ಚಿಕ್ಕದರಿಂದ ಶುರು ಮಾಡಿ.